ಕಂಟ್ರಿ ರೋಡ್ಸ್ ಹಾಡಿನ ಬೆನ್ನು ಹತ್ತಿ ವೆಸ್ಟ್ ವರ್ಜೀನಿಯಾ ಸುತ್ತಿದ್ದು

ಜಾನ್ ಡೆನ್ವರ್ ಹಾಡಿರೋ ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಕೇಳದೇ ಇಂಜಿನಿಯರಿಂಗ್ ಹಾಸ್ಟೆಲ್ ದಾಟಿ ಬಂದೋರು ನನಗಂತೂ ಸಿಕ್ಕಿಲ್ಲ. ಸುರತ್ಕಲ್‌ನಲ್ಲಿ ನಮ್ಮ ಬ್ಲಾಕಲ್ಲಿ ಇದ್ದಿದ್ದೇ ಒಂದು ಗಿಟಾರು, ಅದರ ಓನರ್‌ಗೆ ಬರ್ತಿದ್ದಿದ್ದು ನಾಲ್ಕೈದು ಹಾಡು, ಅದರಲ್ಲಿ ಇದು ಫಿಕ್ಸು. ವೆಸ್ಟ್ ವರ್ಜೀನಿಯಾ ಮ್ಯಾಪಲ್ಲಿ ಎಲ್ಲಿದೆ ಅಂತ ಒಬ್ಬನಿಗೂ ಗೊತ್ತಿರ್ಲಿಲ್ಲ, ಆದ್ರೂ ಆ ಹೆಸರು ಬಂದ ತಕ್ಷಣ ಎಲ್ರೂ ಗಂಟಲು ಹರ್ಕೊಳ್ಳೋರು. ಈಗ ನಾವಿರೋದು ಉತ್ತರ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ, ಆ ರಾಜ್ಯದ ಗಡಿಗೆ ಒಂದು ಗಂಟೆ ದಾರಿ ಅಷ್ಟೇ, ಹಾಗಿದ್ರೂ ಇಷ್ಟು ವರ್ಷ ಹೈವೇಲಿ ದಾಟಿ ಹೋಗಿದ್ದು ಬಿಟ್ರೆ ಇಳಿದು ನೋಡಿದ್ದಿಲ್ಲ.

ಈ ಸಲ ಹೊರಟಿದ್ದಕ್ಕೆ ಕಾರಣ ನಮ್ಮ ಬಾಮೈದ. ಅವನಿಗೆ ಒಂದು ಚಟ, ಯಾರಾದ್ರೂ ಖುಷಿಯಾಗಿ ಏನಾದ್ರೂ ಹೇಳ್ತಿದ್ರೆ ಮಧ್ಯ ಬಂದು ಫ್ಯಾಕ್ಟ್ ಚೆಕ್ ಮಾಡೋದು. “ಭಾವ, ಆ ಹಾಡು ಪಕ್ಕಾ ಡೂಪ್ಲಿಕೇಟು. ಬರೆದೋನು ಮ್ಯಾಸಚೂಸೆಟ್ಸ್‌ನೋನು, ಹೊಳೆದಿದ್ದು ಮೇರಿಲ್ಯಾಂಡ್‌ನಲ್ಲಿ, ಅದರಲ್ಲಿ ಬರೋ ನದಿ ಹರಿಯೋದು ವರ್ಜೀನಿಯಾದಲ್ಲಿ, ಹಾಡಿದೋನು ಹುಟ್ಟಿದ್ದು ನ್ಯೂ ಮೆಕ್ಸಿಕೋದಲ್ಲಿ” ಅಂತ ಊಟದ ಟೇಬಲ್ ಮೇಲೆ ಲಿಸ್ಟ್ ಓದಿದ. ನನಗೆ ಉರಿದುಹೋಯ್ತು. ಹೇಳಿದ್ದೆಲ್ಲಾ ನಿಜಾನೇ, ಅದಕ್ಕೇ ಇನ್ನೂ ಜಾಸ್ತಿ ಉರೀತು. ಸರಿ, ಹೋಗಿ ನೋಡೇ ಬಿಡೋಣ ಅಂತ ಹೊರಟ್ವಿ. ನಾನು, ಹೆಂಡ್ತಿ, ಬಾಮೈದ, ಊರಿಂದ ಬಂದಿದ್ದ ಮಾವ. ಮಾವ ಕೆಜಿಎಫ್‌ನಲ್ಲಿ ಬಿಜಿಎಂಎಲ್ ಅನ್ನೋ ಚಿನ್ನದ ಗಣಿ ಕಂಪನಿ ಮುಚ್ಚೋವರೆಗೂ ವೈಂಡಿಂಗ್ ಇಂಜಿನ್, ಅಂದ್ರೆ ಗಣಿಯೊಳಗೆ ಜನರನ್ನ ಇಳಿಸಿ ಹತ್ತಿಸೋ ಯಂತ್ರದ ಕಡೆ ಕೆಲ್ಸ ಮಾಡಿದೋರು, ಇದನ್ನ ಈಗಲೇ ಹೇಳಿಟ್ಟಿರ್ತೀನಿ, ಮುಂದೆ ಬೇಕಾಗುತ್ತೆ.

ಗುರುವಾರ: ಜಾರ್ಜ್‌ಟೌನ್, ಕ್ಲಾಪರ್ ರೋಡ್

ಮಧ್ಯಾಹ್ನ ರಜಾ ಹಾಕಿ ಮೊದಲು ವಾಷಿಂಗ್ಟನ್ ಡಿಸಿಗೆ. ಜಾರ್ಜ್‌ಟೌನ್‌ನಲ್ಲಿ ಎಮ್ ಸ್ಟ್ರೀಟ್ ಮತ್ತೆ 34ನೇ ಸ್ಟ್ರೀಟ್ ಸೇರೋ ಮೂಲೇಲಿ ಸೆಲ್ಲರ್ ಡೋರ್ ಅಂತ ಒಂದು ಕ್ಲಬ್ ಇತ್ತು. ಇನ್ನೂರು ಜನ ಕೂತ್ರೆ ಉಸಿರಾಡೋಕೂ ಜಾಗ ಇರದಷ್ಟು ಚಿಕ್ಕದು, ಆದ್ರೆ ಅಲ್ಲಿ ಹಾಡಿ ಹೋದೋರ ಹೆಸರು ನೋಡಿದ್ರೆ ತಲೆ ತಿರುಗುತ್ತೆ. 1970ರ ಡಿಸೆಂಬರ್ ಒಂದೇ ತಿಂಗಳಲ್ಲಿ ನೀಲ್ ಯಂಗ್, ಮೈಲ್ಸ್ ಡೇವಿಸ್, ಕೊನೇಲಿ ಜಾನ್ ಡೆನ್ವರ್. 1980ರ ದಶಕದ ಶುರುವಲ್ಲೇ ಅದು ಮುಚ್ಚಿಹೋಯ್ತು. ಈಗ ಅಲ್ಲಿ ನಿಂತು ನೋಡಿದ್ರೆ ಇಟ್ಟಿಗೆ ಬಿಲ್ಡಿಂಗು, ಟ್ರಾಫಿಕ್ಕು, ಪಾರ್ಕಿಂಗ್ ಹುಡುಕ್ಕೊಂಡು ಸುತ್ತೋ ಕಾರುಗಳು, ಅಷ್ಟೇ. ಮಾವ ಎರಡು ನಿಮಿಷ ನಿಂತು “ಇದನ್ನ ನೋಡೋಕಾ ಬಂದಿದ್ದು” ಅಂದ್ರು.

ಕಥೆ ಹೀಗೆ. ಬಿಲ್ ಡ್ಯಾನಾಫ್, ಟ್ಯಾಫಿ ನಿವರ್ಟ್ ಅಂತ ಜೋಡಿ, ಫ್ಯಾಟ್ ಸಿಟಿ ಅಂತ ಹೆಸರಿಟ್ಕೊಂಡು ಇಬ್ರೇ ಹಾಡೋರು, ಆಮೇಲೆ ಮದುವೇನೂ ಆದ್ರು. ಟ್ಯಾಫಿ ನೆಂಟರ ಮನೆ ಗೆಟ್-ಟುಗೆದರ್‌ಗೆ ಮೇರಿಲ್ಯಾಂಡ್‌ನ ಕ್ಲಾಪರ್ ರೋಡಲ್ಲಿ ಕಾರಲ್ಲಿ ಹೋಗ್ತಾ, ಆಗಿನ್ನೂ ಹೊಲ ಗದ್ದೆ ಮಧ್ಯದ ಡೊಂಕು ದಾರಿ ಅದು, ಡ್ಯಾನಾಫ್‌ಗೆ ಸಾಲು ಹೊಳೀತು. ಅವನ ಊರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡು, ಹಾಗಾಗಿ ಮ್ಯಾಸಚೂಸೆಟ್ಸ್ ಹೆಸರನ್ನೇ ಕೂರಿಸೋಣ ಅಂತಾನೂ ಯೋಚ್ನೆ ಮಾಡಿದ್ದನಂತೆ. ವೆಸ್ಟ್ ವರ್ಜೀನಿಯಾಗೆ ಅಲ್ಲಿವರೆಗೂ ಕಾಲಿಟ್ಟಿರ್ಲಿಲ್ಲ. ಹಳ್ಳಿ ಸೊಗಡಿನ ಕಂಟ್ರಿ ಹಾಡುಗಳ ಗಾಯಕ ಜಾನಿ ಕ್ಯಾಶ್‌ಗೆ ಹಾಡು ಮಾರಿ ನಾಲ್ಕು ಕಾಸು ನೋಡೋಣ ಅನ್ನೋದು ಪ್ಲಾನು. ಆದ್ರೆ ಡಿಸೆಂಬರ್ 29ರ ರಾತ್ರಿ ಸೆಲ್ಲರ್ ಡೋರ್‌ನಲ್ಲಿ ಶೋ ಮುಗಿಸಿ ಬರ್ತಾ ಡೆನ್ವರ್ ಇದ್ದ ಕಾರು ಆಕ್ಸಿಡೆಂಟ್ ಆಗಿ ಅವನ ಹೆಬ್ಬೆರಳು ಮುರೀತು. ಆಸ್ಪತ್ರೆಯಿಂದ ಸೀದಾ ಇವ್ರ ಬೇಸ್‌ಮೆಂಟ್ ಮನೆಗೆ ಬಂದ, ಅರ್ಧ ಆಗಿದ್ದ ಹಾಡು ಕೇಳಿದ, ಹುಚ್ಚು ಹಿಡೀತು, ಮೂರೂ ಜನ ಬೆಳಗಿನ ಜಾವದವರೆಗೂ ಕೂತು ಮುಗಿಸಿದ್ರು. ರಾಜ್ಯದ ಬಗ್ಗೆ ಏನಾದ್ರೂ ಗೊತ್ತಿರ್ಬೇಕಲ್ಲ ಅಂತ ಟ್ಯಾಫಿ ಎನ್‌ಸೈಕ್ಲೋಪೀಡಿಯಾ ತೆಗೆದು ನೋಡಿದ್ಲಂತೆ. ಮಾರನೇ ರಾತ್ರಿ ಅದೇ ಕ್ಲಬ್ಬಲ್ಲಿ ಹಾಡಿದ್ರು, ಜನ ಚಪ್ಪಾಳೆ ನಿಲ್ಲಿಸ್ಲಿಲ್ಲ.

ಇದೆಲ್ಲಾ ಬಾಮೈದನೇ ಹೇಳಿದ್ದು, ಹೇಳ್ತಾ ಹೇಳ್ತಾ ಅವನ ಮುಖದಲ್ಲಿ ‘ನೋಡಿದ್ರಾ’ ಅನ್ನೋ ನಗು.

ಕ್ಲಾಪರ್ ರೋಡ್ ಈಗ ಮೇರಿಲ್ಯಾಂಡ್ ರೂಟ್ 117. ಗೇಥರ್ಸ್‌ಬರ್ಗ್ ಕಡೆಯಿಂದ ಹೋದ್ರೆ ಟೌನ್‌ಹೌಸು, ಸಿಗ್ನಲ್ಲು, ಶಾಪಿಂಗ್ ಸೆಂಟರ್ರು, ಆಮೇಲೆ ಸೆನೆಕಾ ಕ್ರೀಕ್ ಸ್ಟೇಟ್ ಪಾರ್ಕ್ ಹತ್ರ ಮರಗಳು ಶುರುವಾಗಿ ಬಾಯ್ಡ್ಸ್ ಕಡೆ ಹೋಗ್ತಾ ಒಂಚೂರು ಹಳ್ಳಿ ಕಳೆ ಬರುತ್ತೆ. ಈ ಏರಿಯಾದಲ್ಲಿ ನಮ್ಮೋರೇ ಎಷ್ಟು ಜನ ಇದಾರೆ ಅಂದ್ರೆ, ಹಾಡು ಹುಟ್ಟಿದ ರೋಡಿಗೆ ಅಂತ ಹೋದ ನಾವು ಕೊನೆಗೆ ಇಂಡಿಯನ್ ಸ್ಟೋರ್‌ನಲ್ಲಿ ಕೊತ್ತಂಬರಿ ಸೊಪ್ಪು, ಎಂಟಿಆರ್ ಪುಳಿಯೋಗರೆ ಪುಡಿ ತಗೊಂಡು ವಾಪಸ್ ಬಂದ್ವಿ.

ಶುಕ್ರವಾರ: ಹಾರ್ಪರ್ಸ್ ಫೆರಿ

ಬಾಮೈದನ ಕೇಸು ನಿಂತಿದ್ದೇ ಈ ಊರ ಮೇಲೆ. ಹಾಡಲ್ಲಿ ಬ್ಲೂ ರಿಡ್ಜ್ ಬೆಟ್ಟ, ಶೆನಾಂಡೋವಾ ನದಿ ಎರಡೂ ಬರುತ್ತೆ. ಎರಡೂ ಹೆಚ್ಚುಕಮ್ಮಿ ಪೂರ್ತಿ ವೆಸ್ಟ್ ವರ್ಜೀನಿಯಾದ ಹೊರಗೇ ಇರೋದು. ವೆಸ್ಟ್ ವರ್ಜೀನಿಯಾಗೆ ಸಿಗೋದು ಪೂರ್ವದ ತುದೀಲಿ ಜೆಫರ್ಸನ್ ಕೌಂಟಿ ಅನ್ನೋ ಒಂದು ಮೂಲೆ ಮಾತ್ರ. ಆ ಮೂಲೇಲಿ ಶೆನಾಂಡೋವಾ ಬಂದು ಪೊಟೋಮ್ಯಾಕ್ ಸೇರೋ ಜಾಗವೇ ಹಾರ್ಪರ್ಸ್ ಫೆರಿ.

ಪಾರ್ಕಿಂಗ್ ದೂರದಲ್ಲಿ, ಅಲ್ಲಿಂದ ಶಟಲ್ ಬಸ್ಸು. ಕೆಳಗಿನ ಪೇಟೆ ಇಳಿಜಾರಲ್ಲಿ ಹಳೇ ಕಲ್ಲು ಕಟ್ಟಡಗಳು, 1859ರಲ್ಲಿ ಜಾನ್ ಬ್ರೌನ್ ಗುಲಾಮಗಿರಿ ವಿರುದ್ಧ ದಂಗೆ ಎಬ್ಬಿಸೋಕೆ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದ ಊರು ಇದು, ಅವನು ಸಿಕ್ಕಿಬಿದ್ದ ಚಿಕ್ಕ ಕೋಟೆ ಥರದ ಇಂಜಿನ್ ಹೌಸ್ ಕೂಡ ಇದೆ. ದಿ ಪಾಯಿಂಟ್ ಅನ್ನೋ ಕಡೆ ನಿಂತ್ರೆ ಬಲಗಡೆಯಿಂದ ಶೆನಾಂಡೋವಾ, ಎಡಗಡೆಯಿಂದ ಪೊಟೋಮ್ಯಾಕ್, ಎದುರಿಗೆ ಬೆಟ್ಟ ಸೀಳಿ ಎರಡೂ ಒಟ್ಟಿಗೆ ಹೋಗೋದು ಕಾಣುತ್ತೆ. ಒಂದು ದಡ ಮೇರಿಲ್ಯಾಂಡು, ಒಂದು ದಡ ವರ್ಜೀನಿಯಾ, ನಾವು ನಿಂತಿರೋದು ವೆಸ್ಟ್ ವರ್ಜೀನಿಯಾ. ನಾನು ಬಾಮೈದನಿಗೆ, “ನದಿ ಇದೆ, ಬೆಟ್ಟ ಇದೆ, ಬೋರ್ಡಲ್ಲಿ ವೆಸ್ಟ್ ವರ್ಜೀನಿಯಾ ಅಂತಾನೂ ಇದೆ, ಇನ್ನೇನಪ್ಪ” ಅಂದೆ. “ಭಾವ, ಟೆಕ್ನಿಕಲಿ ಪಾಸು, ಗ್ರೇಸ್ ಮಾರ್ಕ್ಸು” ಅಂದ.

ನನಗನ್ನಿಸೋದು, ಈ ಭೂಗೋಳದ ತಕರಾರು ಎಲ್ಲಾರೂ ಮಾಡೋ ಸುಲಭದ ತಕರಾರು. ಆ ರಾಜ್ಯದೋರಿಗೆ ಇದು ಗೊತ್ತಿಲ್ದೇ ಏನಿಲ್ಲ, ಗೊತ್ತಿದ್ದೂ 50 ವರ್ಷದಿಂದ ಹಾಡ್ತಿದಾರೆ ಅಂದ್ರೆ ಯಾಕೆ ಅನ್ನೋದು ಕೇಳ್ಬೇಕಾಗಿರೋ ಪ್ರಶ್ನೆ. ಇದಕ್ಕೆ ಉತ್ತರ ನದಿ ಹತ್ರ ಸಿಗಲ್ಲ.

ಮಧ್ಯಾಹ್ನ ಪುಳಿಯೋಗರೆ ಡಬ್ಬಿ ಖಾಲಿ ಮಾಡಿ ಮಾರ್ಗನ್‌ಟೌನ್ ಕಡೆ ಹೊರಟ್ವಿ. ಐ-68ರಲ್ಲಿ ಸೈಡ್ಲಿಂಗ್ ಹಿಲ್ ಹತ್ರ ರಸ್ತೆಗೋಸ್ಕರ ಇಡೀ ಗುಡ್ಡ ಕತ್ತರಿಸಿದಾರೆ, ಕಲ್ಲಿನ ಪದರಗಳು ಬಟ್ಟಲಿನ ಥರ ಬಾಗಿರೋದು ಕಾಣುತ್ತೆ, ಮಾವ ಇಳಿದು ಫೋಟೋ ತೆಗೆದ್ರು, ಇಡೀ ದಿನದಲ್ಲಿ ಅವರಿಗೆ ಇಷ್ಟ ಆಗಿದ್ದು ಅದೊಂದೇ.

ಶನಿವಾರ: ಮಾರ್ಗನ್‌ಟೌನ್, ಫುಟ್‌ಬಾಲ್

ನಮ್ಮ ಮನೇಲಿ ಯಾರಿಗೂ ಅಮೆರಿಕನ್ ಫುಟ್‌ಬಾಲ್ ತಲೆಬುಡ ಗೊತ್ತಿಲ್ಲ. ಆದ್ರೂ ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ ಹೋಮ್ ಗೇಮ್ ಇರೋ ವೀಕೆಂಡೇ ನೋಡಿ ಟಿಕೆಟ್ ತಗೊಂಡಿದ್ದೆ, ಯಾಕಂದ್ರೆ ಈ ಹಾಡನ್ನ ಆ ರಾಜ್ಯ ತನ್ನದಾಗಿ ಮಾಡ್ಕೊಂಡಿದ್ದು ಇದೇ ಗ್ರೌಂಡಲ್ಲಿ.

ಹಾಡು ರಿಲೀಸ್ ಆಗಿದ್ದು 1971ರ ಏಪ್ರಿಲ್‌ನಲ್ಲಿ. ನಿಧಾನಕ್ಕೆ ಏರಿ ಆಗಸ್ಟ್ ಹೊತ್ತಿಗೆ ಬಿಲ್‌ಬೋರ್ಡ್ ಹಾಟ್ 100 ಅನ್ನೋ ಅಮೆರಿಕದ ಟಾಪ್ ಹಾಡುಗಳ ಪಟ್ಟೀಲಿ 2ನೇ ಸ್ಥಾನಕ್ಕೆ ಬಂತು, ಮೊದಲನೇ ಸ್ಥಾನದಲ್ಲಿ ಬೀ ಜೀಸ್ ತಂಡದೋರು ಅಲ್ಲಾಡದೇ ಕೂತಿದ್ರು. ಮಿಲಿಯನ್ ರೆಕಾರ್ಡ್ ಮಾರಾಟ ಆಯ್ತು. ಮುಂದಿನ ವರ್ಷ, 1972ರಿಂದ, ಯೂನಿವರ್ಸಿಟಿಯ ಮಾರ್ಚಿಂಗ್ ಬ್ಯಾಂಡು ಪ್ರತಿ ಹೋಮ್ ಗೇಮ್ ಮುಂಚೆ ಇದನ್ನ ನುಡಿಸೋಕೆ ಶುರು ಮಾಡ್ತು, ಇವತ್ತಿನವರೆಗೂ ಬಿಟ್ಟಿಲ್ಲ. 1980ರ ಸೆಪ್ಟೆಂಬರ್ 6ಕ್ಕೆ ಹೊಸ ಸ್ಟೇಡಿಯಂ ಓಪನ್ ಆದಾಗ ಡೆನ್ವರೇ ಬಂದು ಗ್ರೌಂಡ್ ಮಧ್ಯ ನಿಂತು ಹಾಡಿದ್ದ.

ಬೆಳಗ್ಗೆ ಪಿಆರ್‌ಟಿ ನೋಡಿದ್ವಿ, 1975ರಿಂದ ಓಡ್ತಿರೋ ಡ್ರೈವರ್ ಇಲ್ಲದ ಪುಟ್ಟ ಪುಟ್ಟ ಡಬ್ಬಿಗಳು, ಕ್ಯಾಂಪಸ್ಸು ಪೇಟೆ ಎಲ್ಲಾ ಸೇರಿಸೋ ಥರ. ಬಾಮೈದ ಅದನ್ನ ನೋಡಿ ಹಾಡಿನ ವಿಷಯಾನೇ ಮರೆತ. ಸ್ಟೇಡಿಯಂ ಸುತ್ತ ಪಾರ್ಕಿಂಗ್ ಲಾಟ್ ತುಂಬಾ ಪಿಕಪ್ ಟ್ರಕ್ಕುಗಳು, ಹಿಂದೆ ಡಿಕ್ಕಿ ತೆಗೆದು ಗ್ರಿಲ್ಲು ಹಚ್ಚಿ ಬೆಳಗ್ಗೆ ಹತ್ತಕ್ಕೇ ಬಿಯರು, ಎಲ್ಲೆಲ್ಲೂ ನೀಲಿ ಹಳದಿ ಶರ್ಟು. ಮಾವ ಸ್ವೆಟರ್ ಮೇಲೆ ಹಳದಿ ಮಫ್ಲರ್ ಸುತ್ಕೊಂಡಿದ್ರು, ಅದು ಬರೀ ಕಾಕತಾಳೀಯ, ಆದ್ರೆ ಅಲ್ಲಿದ್ದೋರು ನಮ್ಮ ಟೀಮೇ ಅನ್ಕೊಂಡು ಕೈ ಕುಲುಕಿ ಕುಲುಕಿ ಅವರನ್ನ ಹೀರೋ ಮಾಡಿಬಿಟ್ರು.

ಆ ಸ್ಟೇಡಿಯಂನಲ್ಲಿ 60,000 ಜನ ಹಿಡೀತಾರೆ. ರಾಜ್ಯದ ರಾಜಧಾನಿ ಚಾರ್ಲ್‌ಸ್ಟನ್‌ನಲ್ಲಿ ಇರೋ ಜನಾನೇ 50,000ಕ್ಕಿಂತ ಕಮ್ಮಿ. ಅಂದ್ರೆ ಮ್ಯಾಚ್ ದಿನ ರಾಜ್ಯದ ದೊಡ್ಡ ಊರು ಅಂದ್ರೆ ಈ ಗ್ರೌಂಡೇ. ಬ್ಯಾಂಡಿನೋರು ರಾಜ್ಯದ ಮ್ಯಾಪಿನ ಆಕಾರದಲ್ಲಿ ನಿಂತು ನುಡಿಸ್ತಾರೆ, ಆ ಅಂಕುಡೊಂಕು ಮ್ಯಾಪು ಗ್ರೌಂಡ್ ಮೇಲೆ ಮೂಡೋದು ನೋಡೋಕೆ ಚೆನ್ನಾಗಿದೆ. ಆದ್ರೆ ನಿಜವಾದ ಮಜಾ ಮ್ಯಾಚ್ ಗೆದ್ದ ಮೇಲೆ. ಗೆದ್ರೆ ಮಾತ್ರ, ಸೋತ್ರೆ ಇಲ್ಲ. ನಮ್ಮ ಅದೃಷ್ಟ, ಗೆದ್ರು. ಜನ ಎದ್ದು ಹೋಗ್ಲಿಲ್ಲ, ಪ್ಲೇಯರ್‌ಗಳು ಹೆಲ್ಮೆಟ್ ತೆಗೆದು ಸ್ಟೂಡೆಂಟ್‌ಗಳ ಮುಂದೆ ಬಂದು ಹೆಗಲ ಮೇಲೆ ಕೈ ಹಾಕ್ಕೊಂಡು ನಿಂತ್ರು, ಸ್ಪೀಕರ್‌ನಲ್ಲಿ ಡೆನ್ವರ್ ದನಿ ಬಂತು, ಇಡೀ ಸ್ಟೇಡಿಯಂ ಹಾಡ್ತು. ನನ್ನ ಪಕ್ಕದ ಸೀಟಲ್ಲಿ ಒಬ್ಬ ದೊಡ್ಡ ಗಡ್ಡದ ಮನುಷ್ಯ, ಮ್ಯಾಚ್ ಪೂರ್ತಿ ರೆಫರಿಗೆ ಬೈತಾ ಇದ್ದೋನು, ಈಗ ಕಣ್ಣು ಒರೆಸ್ಕೊಳ್ತಿದ್ದ. ಹೆಂಡ್ತಿ ವಿಡಿಯೋ ಮಾಡೋಕೆ ಅಂತ ಫೋನ್ ತೆಗೆದೋಳು ಅರ್ಧಕ್ಕೇ ಕೆಳಗಿಳಿಸಿ ತಾನೂ ಹಾಡಿದ್ಲು. ಬಾಮೈದ ಹಾಡ್ಲಿಲ್ಲ, ಆದ್ರೆ ಏನೂ ಮಾತಾಡ್ಲೂ ಇಲ್ಲ, ಅವನ ಮಟ್ಟಿಗೆ ಅದು ದೊಡ್ಡ ವಿಷಯ.

ಆಮೇಲೆ 2014ರಲ್ಲಿ ಇದನ್ನ ಅಧಿಕೃತ ರಾಜ್ಯಗೀತೆಗಳ ಸಾಲಿಗೆ ಸೇರಿಸಿದ್ರು, ಅದಕ್ಕೂ ಮುಂಚೆ ಮೂರು ಇತ್ತು, ಇದು ನಾಲ್ಕನೇದು. ಮಿಕ್ಕ ಮೂರು ಯಾವ್ದು ಅಂತ ಹೋಟೆಲ್ ರಿಸೆಪ್ಷನ್‌ನಲ್ಲಿದ್ದ ಹುಡುಗಿಗೆ ಕೇಳಿದೆ, ಒಂದು ಹೇಳಿದ್ಲು, ಉಳಿದಿದ್ದಕ್ಕೆ ನಕ್ಕಳು. ಟೂರಿಸಂನೋರು 2017ರಲ್ಲಿ ಹಾಡಿನ ಹಕ್ಕು ತಗೊಂಡು ‘ಆಲ್ಮೋಸ್ಟ್ ಹೆವನ್’ ಅಂತ ಅದರದ್ದೇ ಮೊದಲ ಎರಡು ಪದನ ಸ್ಲೋಗನ್ ಮಾಡ್ಕೊಂಡಿದಾರೆ, ಬೋರ್ಡು, ಟೀ ಶರ್ಟು, ಕಾಫಿ ಮಗ್ಗು ಎಲ್ಲಾ ಕಡೆ ಅದೇ.

ಭಾನುವಾರ: ಮೊನೊಂಗಾ, ರೂಟ್ 250, ಚಿನ್ನದ ಅರಮನೆ, ವೀಲಿಂಗ್

ಇಡೀ ಟ್ರಿಪ್ಪಲ್ಲಿ ನನಗೆ ತಲೇಲಿ ಕೂತಿರೋ ದಿನ ಇದು. ಮಾರ್ಗನ್‌ಟೌನ್‌ನಿಂದ ದಕ್ಷಿಣಕ್ಕೆ ಅರ್ಧ ಗಂಟೆ ಬಂದ್ರೆ ಫೇರ್‌ಮಾಂಟು, ಅದರ ಪಕ್ಕ ಮೊನೊಂಗಾ ಅಂತ ಪುಟ್ಟ ಊರು. 1907ರ ಡಿಸೆಂಬರ್ 6ಕ್ಕೆ ಇಲ್ಲಿ ಕಲ್ಲಿದ್ದಲು ಗಣಿ ಸ್ಫೋಟ ಆಗಿ ಲೆಕ್ಕಕ್ಕೆ ಸಿಕ್ಕ ಸಾವೇ 362. ಅಮೆರಿಕದ ಗಣಿ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದುರಂತ ಇಲ್ಲ. ಸತ್ತೋರಲ್ಲಿ ಎಷ್ಟೋ ಜನ ಇಟಲಿಯಿಂದ ಬಂದಿದ್ದೋರು. ಊರ ಮಧ್ಯ ಒಂದು ಬಿಳೀ ಪ್ರತಿಮೆ ಇದೆ, ಗಣಿ ಕೆಲಸದೋನ ಹೆಂಡತಿ, ಮಗು ಜೊತೆ ನಿಂತಿರೋದು, ಮೊನೊಂಗಾ ಹೀರೋಯಿನ್ ಅಂತ ಅದಕ್ಕೆ ಹೆಸರು. ಈ ದುರಂತದಲ್ಲಿ ಅಪ್ಪನ್ನ ಕಳ್ಕೊಂಡ ಮಕ್ಕಳ ನೆನಪಿಗೇ 1908ರ ಜುಲೈನಲ್ಲಿ ಫೇರ್‌ಮಾಂಟ್ ಚರ್ಚಲ್ಲಿ ಫಾದರ್ಸ್ ಡೇ ಪ್ರಾರ್ಥನೆ ಮಾಡಿದ್ರು, ಅಮೆರಿಕದಲ್ಲಿ ಅದೇ ಮೊದಲ್ನೇದು ಅಂತಾರೆ.

ಅಲ್ಲಿಂದ ಯುಎಸ್ ರೂಟ್ 250 ಹಿಡಿದ್ರೆ ಫಾರ್ಮಿಂಗ್‌ಟನ್ನು. 1968ರ ನವೆಂಬರ್ 20ಕ್ಕೆ ಇಲ್ಲಿನ ನಂಬರ್ 9 ಗಣೀಲಿ ಬೆಳಗಿನ ಜಾವ ಸ್ಫೋಟ. ಒಳಗಿದ್ದ 99 ಜನರಲ್ಲಿ 21 ಜನ ಹೊರಗೆ ಬಂದ್ರು, 78 ಜನ ಬರ್ಲಿಲ್ಲ, ಅದರಲ್ಲಿ 19 ಜನರ ಹೆಣ ಇವತ್ತಿಗೂ ಸಿಕ್ಕಿಲ್ಲ. ಅದರ ಹೊಗೆ ಇಡೀ ದೇಶ ಟಿವೀಲಿ ನೋಡ್ತು, ಮಾರನೇ ವರ್ಷವೇ ಕಲ್ಲಿದ್ದಲು ಗಣಿಗಳ ಸುರಕ್ಷತೆಗೆ ಕಾನೂನು ಬಂತು. ಈಗ ತಾರೀಖು ನೋಡಿ. ಅದಾಗಿ ಎರಡು ವರ್ಷಕ್ಕೆ ವಾಷಿಂಗ್ಟನ್ನಿನ ಬೇಸ್‌ಮೆಂಟಲ್ಲಿ ಕೂತು ಮೂರು ಜನ ಎನ್‌ಸೈಕ್ಲೋಪೀಡಿಯಾ ತಿರುವಿ ಈ ರಾಜ್ಯದ ಬಗ್ಗೆ ಹಾಡು ಬರೆದಿದ್ದು. ಎರಡನೇ ಚರಣದಲ್ಲಿ ಆ ನಾಡನ್ನೇ ಗಣಿಯೋನ ಹೆಣ್ಣು ಅಂತ ಕರೆದು, ಒಂಚೂರು ಧೂಳು, ಒಂಚೂರು ಕಳ್ಳಭಟ್ಟಿ ಸೇರಿಸಿ, ಸತ್ತೋರ ಮಾತೇ ಎತ್ತದೆ ಮುಂದಕ್ಕೆ. ಭೂಗೋಳಕ್ಕಿಂತ ಇದು ನನಗೆ ದೊಡ್ಡ ತಕರಾರು ಅನ್ನಿಸ್ತು, ಕಾರಲ್ಲಿ ಹೇಳ್ದೆ. ಆಶ್ಚರ್ಯ ಅಂದ್ರೆ ಒಪ್ಪದೇ ಇದ್ದೋರು ಮಾವ. “ಗಣಿ ಕೆಲಸದೋರು ಡ್ಯೂಟಿ ಮುಗಿಸಿ ಬಂದು ಗಣಿ ಹಾಡು ಕೇಳ್ತಾರೇನ್ರಿ? ಕೆಜಿಎಫ್ ಚಾಂಪಿಯನ್ ರೀಫ್ ಗಣೀಲಿ ನಮ್ಮ ಜೊತೆ ಇದ್ದ ಆಂಗ್ಲೋ ಇಂಡಿಯನ್ನರು ಸಂಜೆ ಆದ್ರೆ ಜಿಮ್ ರೀವ್ಸ್ ರೆಕಾರ್ಡ್ ಹಾಕೋರು, ಅದರಲ್ಲಿ ಬರೀ ಪ್ರೀತಿ ಪ್ರೇಮ, ದೇವ್ರು. ರಾಕ್‌ಬರ್ಸ್ಟ್ ಬಗ್ಗೆ, ಗಣೀಲಿ ಬಂಡೆ ಸಿಡಿದು ಬೀಳೋದರ ಬಗ್ಗೆ ಹಾಡಿದ್ರೆ ಯಾರು ಕೇಳ್ತಿದ್ರು” ಅಂದ್ರು. ನಾನು ಸುಮ್ನಾದೆ.

ರೂಟ್ 250 ಅಂದ್ರೆ ಅಪ್ಪಟ ಕಂಟ್ರಿ ರೋಡು. ಮ್ಯಾನಿಂಗ್‌ಟನ್, ಹಂಡ್ರೆಡ್, ಕ್ಯಾಮರಾನ್ ಅಂತ ಊರುಗಳು, ಊರು ಅಂದ್ರೆ ಒಂದು ಚರ್ಚು, ಒಂದು ಪೆಟ್ರೋಲ್ ಬಂಕು, ಬಾಗಿಲು ಹಾಕಿರೋ ಅಂಗಡಿ ಸಾಲು. ನೂರು ಅಡಿ ನೇರ ರಸ್ತೆ ಸಿಗಲ್ಲ, ತಿರುವು ಮೇಲೆ ತಿರುವು. ಹೆಂಡ್ತಿಗೆ ಹೊಟ್ಟೆ ತೊಳಸೋಕೆ ಶುರುವಾಗಿ ನಿಂಬೆಹಣ್ಣು ಮೂಸ್ಕೊಂಡು ಕೂತ್ಲು. ಒಂದು ಬಂಕಲ್ಲಿ ಪೆಪರೋನಿ ರೋಲ್ ಅಂತ ಮಾರ್ತಿದ್ರು, ಇದು ಈ ರಾಜ್ಯದ ಗಣಿ ಕೆಲಸದೋರ ಬುತ್ತಿ, ಫೇರ್‌ಮಾಂಟ್‌ನಲ್ಲಿ ಇಟಾಲಿಯನ್ ಬೇಕರಿಯೋರು ಶುರು ಮಾಡಿದ್ದು, ಬನ್ನಿನೊಳಗೇ ಮಾಂಸದ ಕಡ್ಡಿ ಇಟ್ಟು ಬೇಯಿಸಿರ್ತಾರೆ, ಒಂದು ಕೈಲಿ ತಿನ್ಬೋದು, ಕೆಡಲ್ಲ. ಬಾಮೈದ ಎರಡು ತಿಂದ. ನಾವು ಚಿಪ್ಸು.

ಇಂಥ ರೋಡಲ್ಲಿ ಹೋಗ್ತಾ ಹೋಗ್ತಾ ಮೌಂಡ್ಸ್‌ವಿಲ್ ಹತ್ರ ಒಂದು ಗುಡ್ಡದ ನೆತ್ತಿ ಮೇಲೆ ಚಿನ್ನದ ಗೋಪುರ ಕಾಣುತ್ತೆ. ನ್ಯೂ ವೃಂದಾವನ, ಪ್ಯಾಲೇಸ್ ಆಫ್ ಗೋಲ್ಡ್. ಹರೇ ಕೃಷ್ಣ ಭಕ್ತರು ತಮ್ಮ ಗುರು ಪ್ರಭುಪಾದರಿಗೆ ಮನೆ ಅಂತ ತಾವೇ ಕೈಯಾರೆ ಕಟ್ಟೋಕೆ ಶುರು ಮಾಡಿದ್ದು, ಅವರು 1977ರಲ್ಲಿ ತೀರ್ಕೊಂಡ್ರು, 1979ರಲ್ಲಿ ಸ್ಮಾರಕವಾಗಿ ತೆರೆದ್ರು. 22 ಕ್ಯಾರಟ್ ಚಿನ್ನದ ರೇಕು. ಕೆಜಿಎಫ್ ಮನುಷ್ಯನಿಗೆ ಚಿನ್ನ ತೋರಿಸಿದ್ರೆ ಏನಾಗುತ್ತೆ ಹೇಳಿ, ಒಂದು ಟನ್ ಕಲ್ಲು ಪುಡಿ ಮಾಡಿದ್ರೆ ಎಷ್ಟು ಗ್ರಾಂ ಬರ್ತಿತ್ತು ಅಂತ ಶುರು ಮಾಡಿದ ಮಾವ ಟೂರ್ ಗೈಡನ್ನೇ ಮಾತಾಡೋಕೆ ಬಿಡ್ಲಿಲ್ಲ. 1980ರ ದಶಕದಲ್ಲಿ ಇಲ್ಲಿ ಕೊಲೆ, ಕೋರ್ಟು ಅಂತ ದೊಡ್ಡ ಗಲಾಟೆನೇ ಆಗಿತ್ತು, ಅದು ಬೇರೆ ಕಥೆ. ದೇವಸ್ಥಾನದಲ್ಲಿ ಪ್ರಸಾದ ಸಿಕ್ತು, ಹೆಂಡ್ತಿಗೆ ಜೀವ ಬಂತು.

ಸಂಜೆ ವೀಲಿಂಗ್. ಒಹಾಯೊ ನದಿ ಮೇಲೆ 1849ರ ತೂಗುಸೇತುವೆ ಇದೆ, ಈಗ ಅದರ ಮೇಲೆ ಗಾಡಿ ಬಿಡಲ್ಲ, ನಡ್ಕೊಂಡು ಹೋದ್ವಿ. ಸಿವಿಲ್ ವಾರ್ ಟೈಮಲ್ಲಿ ವರ್ಜೀನಿಯಾದಿಂದ ಬೇರೆ ಆಗೋಣ ಅಂತ ತೀರ್ಮಾನ ಆಗಿದ್ದು ಇದೇ ಊರಲ್ಲಿ, 1863ರ ಜೂನ್ 20ಕ್ಕೆ ರಾಜ್ಯ ಆಯ್ತು. ನಾವು ಬಂದಿದ್ದು ಮಾತ್ರ ರೇಡಿಯೋಗೋಸ್ಕರ. ಡಬ್ಲ್ಯೂಡಬ್ಲ್ಯೂವಿಎ, ಎಎಮ್ 1170, 50,000 ವಾಟ್. 1933ರಿಂದ ಶನಿವಾರ ರಾತ್ರಿ ಜನರ ಮುಂದೆ ಲೈವ್ ಆಗಿ ಕಂಟ್ರಿ ಸಂಗೀತ ನಡೆಸ್ತಿದ್ದ ಸ್ಟೇಷನ್ನು. ರಾತ್ರಿ ಹೊತ್ತು ಎಎಮ್ ಅಲೆಗಳು ಮೇಲಿನ ವಾತಾವರಣಕ್ಕೆ ತಾಗಿ ವಾಪಸ್ ಬಂದು ನೂರಾರು ಮೈಲಿ ಹೋಗುತ್ತಲ್ಲ, ಹಾಗೆ ಮ್ಯಾಸಚೂಸೆಟ್ಸ್‌ನಲ್ಲಿ ಚಿಕ್ಕ ಹುಡುಗ ಡ್ಯಾನಾಫ್‌ಗೆ ಈ ಸ್ಟೇಷನ್ ಸಿಗ್ತಿತ್ತು. ನಮ್ಮಲ್ಲಿ ಕೊಲಂಬೋ ಎಲ್ಲಿದೆ ಅಂತ ಗೊತ್ತಿಲ್ದೇ ರೇಡಿಯೋ ಸಿಲೋನ್ ಕೇಳ್ಕೊಂಡು ಬೆಳೆದೋರ ಥರಾನೇ ಅವನೂ. ಹಾಡಿನ ಮಧ್ಯ ಒಂದು ಕಡೆ ರೇಡಿಯೋ ಬರುತ್ತೆ, ಊರು ನೆನಪಿಸುತ್ತೆ ಅಂತ. ಇದನ್ನ ಕೇಳಿ ಬಾಮೈದ “ಸರಿ, ಅಲ್ಲಿಗೆ ಹೋಗ್ದೇ ಇದ್ರೂ ಕಿವಿ ಹೋಗಿತ್ತು ಅನ್ನಿ” ಅಂದ. ಒಂದು ಮೆಟ್ಟಿಲು ಇಳಿದ.

ಸೋಮವಾರ: ಬೆಕ್ಲಿ

ಇಡೀ ಬೆಳಗ್ಗೆ ಡ್ರೈವಿಂಗು. ಒಹಾಯೊ ಒಳಗೆ ಹೋಗಿ ಐ-77 ಹಿಡಿದು ಚಾರ್ಲ್‌ಸ್ಟನ್, ಆಮೇಲೆ ಟೋಲ್ ರೋಡು. ದಾರೀಲಿ ಇದು ನಿಜವಾಗ್ಲೂ ಕಂಟ್ರಿ ಹಾಡಾ ಅನ್ನೋ ಜಗಳ. ಕಂಟ್ರಿ ಚಾರ್ಟಲ್ಲಿ ಇದು ಏರಿದ್ದು 50ನೇ ಸ್ಥಾನಕ್ಕೆ ಅಷ್ಟೇ, ಪಾಪ್ ಚಾರ್ಟಲ್ಲಿ ಮಾತ್ರ 2. ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನ ಹಳಬರಿಗೆ ಡೆನ್ವರ್ ಅಂದ್ರೆ ಕನ್ನಡಕ ಹಾಕಿರೋ ಹಿಪ್ಪಿ. 1975ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ವರ್ಷದ ಕಲಾವಿದ ಅವಾರ್ಡು ಅವನಿಗೆ ಬಂದಾಗ ಹೆಸರು ಓದೋಕೆ ಸ್ಟೇಜ್ ಮೇಲಿದ್ದ ಕಂಟ್ರಿ ಗಾಯಕ ಚಾರ್ಲಿ ರಿಚ್ ಆ ಚೀಟಿಗೇ ಲೈಟರ್ ಹಚ್ಚಿ ಸುಟ್ಟ, ಟಿವಿ ಮುಂದೆ. ಕುಡಿದಿದ್ದ ಅಂತಾರೆ, ತಮಾಷೆಗೆ ಅಂತಾರೆ, ಏನೇ ಇರ್ಲಿ ಚೀಟಿ ಸುಟ್ಟಿದ್ದು ನಿಜ. ಚೀಟಿ ಸುಟ್ಟ ಎರಡು ವರ್ಷ ಮುಂಚೆನೇ ಆಸ್ಟ್ರೇಲಿಯಾದಲ್ಲಿ ಬೆಳೆದ ಒಲಿವಿಯಾ ನ್ಯೂಟನ್-ಜಾನ್ ಇದನ್ನ ಹಾಡಿ ಬ್ರಿಟನ್ನಲ್ಲಿ ಹಿಟ್ ಮಾಡಿದ್ಲು, ಆಮೇಲೆ ಜಪಾನಲ್ಲೂ ಹಿಟ್ ಆಯ್ತು. ಜಪಾನಿನಲ್ಲಿ ಅದು ಎಷ್ಟು ಬೇರು ಬಿಡ್ತು ಅಂದ್ರೆ 1995ರ ಘಿಬ್ಲಿ ಸ್ಟುಡಿಯೋ ಕಾರ್ಟೂನ್ ಸಿನಿಮಾ ಒಂದರಲ್ಲಿ ಟೋಕಿಯೋ ಹುಡುಗಿ ಇದನ್ನ ತನ್ನ ಭಾಷೆಗೆ ತರ್ತಾ ಕಂಟ್ರಿ ರೋಡ್ ಬದಲು ಕಾಂಕ್ರೀಟ್ ರೋಡ್ ಅಂತ ತಮಾಷೆ ಮಾಡ್ತಾಳೆ. ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನ್‌ಗಳು ಅದನ್ನೇ ಯುನೈಟೆಡ್ ರೋಡ್ ಅಂತ ಬದಲಾಯಿಸಿ ಹಾಡ್ತಾರೆ. ಮ್ಯೂನಿಕ್‌ನ ಬಿಯರ್ ಹಬ್ಬದಲ್ಲಿ ಟೆಂಟ್‌ಗಟ್ಲೆ ಜನ ಬೆಂಚ್ ಮೇಲೆ ಹತ್ತಿ ಕೂಗ್ತಾರೆ. ಯಾರೂ ಭೂಗೋಳ ಕೇಳಿಲ್ಲ.

ಬೆಕ್ಲೀಲಿ ಮುಚ್ಚಿದ ಹಳೇ ಕಲ್ಲಿದ್ದಲು ಗಣೀನ 1962ರಿಂದ ಜನರಿಗೆ ತೋರಿಸ್ತಾರೆ. ಚಿಕ್ಕ ರೈಲಲ್ಲಿ ಒಳಗೆ ಕರ್ಕೊಂಡು ಹೋಗ್ತಾರೆ, ಗೈಡ್‌ಗಳೆಲ್ಲಾ ಗಣೀಲಿ ದುಡಿದು ರಿಟೈರ್ ಆದೋರು. ಒಳಗೆ ವರ್ಷಪೂರ್ತಿ 58 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ 14 ಡಿಗ್ರಿ ಸೆಲ್ಸಿಯಸ್ಸು. ಮಾವ ಮಫ್ಲರ್ ಬಿಗಿ ಮಾಡ್ಕೊಂಡು “ಇದೇನ್ರಿ, ಎಸಿ ಹಾಕಿದಾರೆ” ಅಂದ್ರು. ಅವರ ಗಣಿ 3 ಕಿಲೋಮೀಟರ್‌ಗಿಂತ ಆಳ, ಕೇಜ್ ಇಳಿದಷ್ಟೂ ಸೆಖೆ. ಇಲ್ಲಿ ಆಳ ಇಲ್ಲ, ಆದ್ರೆ ಎತ್ತರಾನೂ ಇಲ್ಲ, ಸೊಂಟ ಬಗ್ಗಿಸ್ಕೊಂಡು ಮಂಡಿಯೂರಿ ಇಡೀ ಶಿಫ್ಟ್ ಕಲ್ಲಿದ್ದಲು ತೋಡ್ತಿದ್ರು. ಗೈಡು ಕಂಪನಿ ಸ್ಕ್ರಿಪ್ ತೋರಿಸಿದ, ಸಂಬಳಕ್ಕೆ ದುಡ್ಡಿನ ಬದಲು ಕಂಪನಿ ಕೊಡ್ತಿದ್ದ ಬಿಲ್ಲೆ, ಕಂಪನಿ ಅಂಗಡೀಲಿ ಮಾತ್ರ ನಡೆಯೋದು. ಕಲ್ಲಿದ್ದಲು ಧೂಳಿಂದ ಶ್ವಾಸಕೋಶ ಹೋಗೋ ಬ್ಲ್ಯಾಕ್ ಲಂಗ್ ಬಗ್ಗೆ ಹೇಳಿದ. ಮಾವ ನನ್ನ ಕೈಲಿ ಟ್ರಾನ್ಸ್‌ಲೇಟ್ ಮಾಡಿಸಿ, ನಮ್ಮಲ್ಲಿ ಸಿಲಿಕೋಸಿಸ್ ಅಂದ್ರು. ಆ ಮೇಲೆ ನನ್ನ ಅವಶ್ಯಕತೆ ಬೀಳ್ಲಿಲ್ಲ, ಡ್ರಿಲ್ಲು, ಟಿಂಬರು, ಶಿಫ್ಟು, ಪಂಪು ಅಂತ ಇಬ್ರೂ ಅರ್ಧರ್ಧ ಇಂಗ್ಲಿಷಲ್ಲೇ ಶುರು ಹಚ್ಕೊಂಡ್ರು, ಮಿಕ್ಕ ಟೂರಿಸ್ಟ್‌ಗಳು ಕಾಯ್ತಾ ನಿಂತ್ರು.

ಹೊರಗೆ ಬಂದ್ಮೇಲೆ ನಾನು ಹಾಡಿನ ವಿಷಯ ಕೇಳ್ದೆ. ಗೈಡು ನಕ್ಕ. ಯೌವನದಲ್ಲಿ ಗಣಿ ಕೆಲಸ ಹೋಗಿ ಒಹಾಯೊದ ಆಕ್ರನ್‌ಗೆ ಟೈರ್ ಫ್ಯಾಕ್ಟರಿಗೆ ಹೋಗಿದ್ನಂತೆ. ಅಲ್ಲಿ ಇವರೂರಿನೋರು ಎಷ್ಟಿದ್ರು ಅಂದ್ರೆ ವೆಸ್ಟ್ ವರ್ಜೀನಿಯಾದ ರಾಜಧಾನಿ ಆಕ್ರನ್ ಅಂತಾನೇ ಜೋಕು. ಇಲ್ಲಿ ಸ್ಕೂಲಲ್ಲಿ ಕಲಿಸೋದು ಮೂರೇ, ಓದು, ಬರಹ, ಆಕ್ರನ್‌ಗೆ ದಾರಿ, ಅಂತ ಇನ್ನೊಂದು ಜೋಕು. ಜೋಕಲ್ಲ ಅದು, 1950ರಲ್ಲಿ ರಾಜ್ಯದ ಜನಸಂಖ್ಯೆ 20 ಲಕ್ಷ, 1970ರ ಹೊತ್ತಿಗೆ ಹದಿನೇಳೂವರೆ ಲಕ್ಷಕ್ಕೂ ಒಂಚೂರು ಕಮ್ಮಿ. ಮೆಷಿನ್ ಬಂದು ಗಣೀಲಿ ಕೈಗಳು ಬೇಡ ಆದ್ವು, ಜನ ಗಾಡಿ ಕಟ್ಟಿದ್ರು. ಶುಕ್ರವಾರ ಸಂಜೆ ಶಿಫ್ಟ್ ಮುಗಿಸಿ ರಾತ್ರಿಯೆಲ್ಲಾ ಡ್ರೈವ್ ಮಾಡಿ ಊರಿಗೆ, ಭಾನುವಾರ ರಾತ್ರಿ ವಾಪಸ್ಸು. ಆ ಡ್ರೈವಲ್ಲಿ ಈ ಹಾಡು ರೇಡಿಯೋದಲ್ಲಿ ಬಂದ್ರೆ ಯಾರು ಬರೆದಿದ್ದು ಅಂತ ಯಾರು ಕೇಳ್ತಾರೆ ಅಂದ. ಬರೆದ ಮೂರು ಜನರಿಗೆ ಇದು ಗೊತ್ತಿರ್ಲಿಕ್ಕಿಲ್ಲ, ಆದ್ರೆ ಹಾಡು ಬಂದ ಟೈಮಿಗೆ ಸರಿಯಾಗಿ ಊರು ಬಿಟ್ಟೋರ ಒಂದು ಇಡೀ ಪೀಳಿಗೆ ರೋಡ್ ಮೇಲೆ ಇತ್ತು. ನನಗೆ ಶುಕ್ರವಾರದಿಂದ ಬೇಕಾಗಿದ್ದ ಉತ್ತರ ಇದೇ.

ಮಾವ ಕಾರಲ್ಲಿ ಕೂತ್ಮೇಲೆ ಮಾರಿಕುಪ್ಪಂ ಟ್ರೈನ್ ವಿಷಯ ತೆಗೆದ್ರು. 2001ರಲ್ಲಿ ಕಂಪನಿ ಮುಚ್ಚಿದ್ಮೇಲೆ ಕತ್ತಲಲ್ಲೇ ಎದ್ದು ಬೆಂಗಳೂರಿಗೆ ಟ್ರೈನ್ ಹಿಡಿದು ಸೆಕ್ಯೂರಿಟಿ ಗಾರ್ಡು, ಗಾರ್ಮೆಂಟ್ಸು ಅಂತ ಸಿಕ್ಕಿದ್ದು ಮಾಡಿ ರಾತ್ರಿ ವಾಪಸ್ ಬರೋ ಕೆಜಿಎಫ್ ಜನ. “ನಮಗೊಂದು ಹಾಡು ಮಾಡೋರು ಯಾರೂ ಸಿಗ್ಲಿಲ್ಲ” ಅಂದ್ರು. ಬಾಮೈದ ಕೆಜಿಎಫ್ ಸಿನಿಮಾ ಹಾಡುಗಳ ಹೆಸರು ಹೇಳೋಕೆ ಹೋದ, ಮಾವ ನೋಡಿದ ನೋಟಕ್ಕೆ ಬಾಯಿ ಮುಚ್ಕೊಂಡ.

ಮಂಗಳವಾರ: ವಾಪಸ್ಸು

ಬೆಳಗ್ಗೆ ನ್ಯೂ ರಿವರ್ ಗಾರ್ಜ್ ಸೇತುವೆ. 1977ರಲ್ಲಿ ಕಟ್ಟಿದ್ದು, ನದಿಯಿಂದ 876 ಅಡಿ ಎತ್ತರ. ಮಂಜು ಕವಿದು ಏನೂ ಕಾಣ್ಲಿಲ್ಲ, ಮಂಜು ಸರಿಯೋವರೆಗೂ ಕಾಯೋ ತಾಳ್ಮೆ ಇರ್ಲಿಲ್ಲ. ಐ-64, ಆಮೇಲೆ ಐ-81ರಲ್ಲಿ ಬರೀ ಲಾರಿಗಳು. ಬಲಗಡೆ ಬ್ಲೂ ರಿಡ್ಜ್ ಬೆಟ್ಟ ಗಂಟೆಗಟ್ಲೆ ಜೊತೇಲೇ ಬಂತು, ಶೆನಾಂಡೋವಾ ಕಣಿವೆ, ವರ್ಜೀನಿಯಾ. “ಭಾವ, ಹಾಡಿನ ಸೀನ್ ಸೀನರಿ ಎಲ್ಲಾ ಇಲ್ಲೇ ಇದೆ ನೋಡಿ” ಅಂತ ಬಾಮೈದ ಮತ್ತೆ ಶುರು ಮಾಡಿದ, ನಾನು ಇರ್ಲಿ ಬಿಡಪ್ಪ ಅಂದೆ.

ಆಮೇಲೆ ಅವನೇ ಫೋನಲ್ಲಿ ಒಂದೊಂದೇ ವರ್ಷನ್ ಹಾಕ್ತಾ ಬಂದ. ಒಲಿವಿಯಾದು, ಡಚ್ ಬ್ಯಾಂಡಿನ ಡಿಸ್ಕೋ ಥರದ್ದು, ರೇ ಚಾರ್ಲ್ಸ್‌ದು, ಕೊನೆಗೆ ಜಮೈಕಾದ ಟೂಟ್ಸ್ ಅಂಡ್ ದ ಮೇಟಲ್ಸ್ ತಂಡ 1973ರಲ್ಲಿ ಅಲ್ಲಿನ ರೆಗ್ಗೇ ಶೈಲೀಲಿ ಮಾಡಿದ್ದು. ಅದರಲ್ಲಿ ಟೂಟ್ಸ್ ವೆಸ್ಟ್ ವರ್ಜೀನಿಯಾ ಕಿತ್ತಾಕಿ ವೆಸ್ಟ್ ಜಮೈಕಾ ಅಂತ ಹಾಡ್ತಾನೆ. ಇಷ್ಟು ದಿನ ಹಾಡಿಗೆ ತಲೆ ಅಲ್ಲಾಡಿಸದೇ ಇದ್ದ ಮಾವ ಮುಂದಿನ ಸೀಟಲ್ಲಿ ತೊಡೆ ಮೇಲೆ ತಾಳ ಹಾಕೋಕೆ ಶುರು ಮಾಡಿದ್ರು, “ಇದು ಹಾಕು, ಇದರಲ್ಲಿ ದಮ್ಮಿದೆ, ಇನ್ನೊಂದ್ಸಲ” ಅಂದ್ರು. ಬಾಮೈದ “ಅಪ್ಪಾ, ವೆಸ್ಟ್ ಜಮೈಕಾ ಅಂತ ಒಂದು ರಾಜ್ಯಾನೇ ಇಲ್ಲ, ಅಲ್ಲಿರೋದು ಪ್ಯಾರಿಷ್‌ಗಳು” ಅಂತ ಬಾಯಿ ತೆಗೆಯೋಷ್ಟರಲ್ಲಿ ಹೆಂಡ್ತಿ ಹಿಂದಿನ ಸೀಟಿಂದ ಕೈ ಚಾಚಿ ವಾಲ್ಯೂಮ್ ಜಾಸ್ತಿ ಮಾಡಿದ್ಲು.